ಸೃಷ್ಟಿಕಥೆಯ ಮೊದಲ ಪದ

ಬೈಬಲಿನ ಆದಿಕಾಂಡವು ಹೀಬ್ರೂ ಭಾಷೆಯ 'ಬೆರೆಷೀತ್' ಎಂಬ ಪದದಿಂದ ಆರಂಭವಾಗುತ್ತದೆ. ಇದನ್ನು ಎರಡು ಬಗೆಯಾಗಿ ಅನ್ವಯಿಸಬಹುದು. 'ಮೊಟ್ಟಮೊದಲು' ಎಂದು ಸ್ವತಂತ್ರವಾಗಿ ಗ್ರಹಿಸಿದರೆ ಈಶ್ವರನ ಸೃಷ್ಟಿಕಾರ್ಯಕ್ಕೆ ಮುಂಚೆ ಯಾವುದೂ ಇರಲಿಲ್ಲವೆಂದಾಗುತ್ತದೆ. 'ದೇವರು ಸೃಷ್ಟಿಸತೊಡಗಿದಾಗ' ಎಂದು ಮುಂದಿನ ಮಾತಿಗೆ ಹೊಂದಿಸಿದರೆ, ಕತ್ತಲೆಯೂ ಜಲರಾಶಿಯೂ ಆಗಲೇ ಇದ್ದುವೆಂಬ ಅರ್ಥಕ್ಕೆ ಎಡೆ ದೊರೆಯುತ್ತದೆ. ಹಾಗಾದರೆ ದೇವರು ದ್ರವ್ಯದ ಕರ್ತನೋ, ಅದಕ್ಕೆ ವ್ಯವಸ್ಥೆಯನ್ನಿತ್ತವನೋ?

ಪ್ರಾಚೀನ ಗ್ರೀಕ್ ಅನುವಾದವು ಮೊದಲ ಅನ್ವಯವನ್ನು ಹಿಡಿಯಿತು. ಕ್ರೈಸ್ತ ಸಂಪ್ರದಾಯವು ಶೂನ್ಯದಿಂದ ಸೃಷ್ಟಿಯಾಯಿತೆಂಬ ಸಿದ್ಧಾಂತವನ್ನು ಸ್ಥಿರಪಡಿಸಿತು. ಯೆಹೂದಿ ವ್ಯಾಖ್ಯಾನಕಾರನಾದ ರಾಶೀ (1040–1105) ಎರಡನೆಯದನ್ನು ಎತ್ತಿಹಿಡಿದನು. ನೀರು ಎಂದು ಸೃಷ್ಟಿಯಾಯಿತೆಂಬುದನ್ನು ಗ್ರಂಥವು ತಿಳಿಸದಿರುವುದರಿಂದ, ಈ ವಾಕ್ಯವು ಸೃಷ್ಟಿಕ್ರಮವನ್ನು ಹೇಳತಕ್ಕದ್ದಲ್ಲವೆಂಬುದು ಅವನ ವಾದ.

ಕಲಾವಿದನಿಗೂ ಆರಂಭವನ್ನು ಆರಿಸಿಕೊಳ್ಳುವುದು ಅನಿವಾರ್ಯ. ರೋಮಿನ ಸಿಸ್ಟೀನ್ ಪ್ರಾರ್ಥನಾಮಂದಿರದ ಚಾವಣಿಯಲ್ಲಿ (1508–1512) ಮೈಕೆಲಾಂಜೆಲೊ ರಚಿಸಿದ ಕಥಾಚಿತ್ರಗಳು, ಬೆಳಕನ್ನು ಕತ್ತಲೆಯಿಂದ ಬೇರ್ಪಡಿಸುವ ದೇವರಿಂದ ತೊಡಗುತ್ತವೆ. ಹೈಡನ್ನನ 'ಸೃಷ್ಟಿ' (1798) ಎಂಬ ಸಂಗೀತಕೃತಿಯಾದರೋ ರೂಪವಿಲ್ಲದ ಅವ್ಯವಸ್ಥೆಯನ್ನೇ ಮೊದಲು ವಾದ್ಯಗಳಲ್ಲಿ ಕೇಳಿಸುತ್ತದೆ. ಬೆಳಕಿನ ಹೆಸರು ಬಂದೊಡನೆ ವಾದ್ಯವೃಂದವೆಲ್ಲ ಒಮ್ಮೆಗೇ ಮೊಳಗುತ್ತದೆ. ಇವರಿಬ್ಬರೂ ಮತಸಿದ್ಧಾಂತವನ್ನು ತಿದ್ದಹೊರಟವರೆಂದು ನಾವು ಹೇಳುವುದಿಲ್ಲ. ಆದರೆ ಎಲ್ಲಿಂದ ತೊಡಗಬೇಕೆಂಬ ನಿರ್ಣಯವೇ ಒಂದು ವ್ಯಾಖ್ಯಾನ. ಅನುವಾದವನ್ನು ಮಾತ್ರ ಓದುವ ನಮ್ಮ ಪಾಲಿಗೆ ಆ ನಿರ್ಣಯವು ಮೊದಲ ಪದದಲ್ಲಿಯೇ ಆಗಿಹೋಗಿರುತ್ತದೆ.