ಹುವಾಂಬೊ: ಅಂಗೋಲದ ನೆತ್ತಿಯ ನಾಡು

ಅಟ್ಲಾಂಟಿಕ್ ತೀರದ ಲೊಬಿಟೊ ಬಂದರಿನಲ್ಲಿ ರೈಲು ಹತ್ತಿ ಪೂರ್ವಕ್ಕೆ ಹೊರಟರೆ ಹುವಾಂಬೊ ಪಟ್ಟಣಕ್ಕೆ ಸುಮಾರು 400 ಕಿ.ಮೀ. ದಾರಿ. ಅಷ್ಟರಲ್ಲಿ ಹಳಿ ಸಮುದ್ರಮಟ್ಟದಿಂದ 1,700 ಮೀಟರ್ ಎತ್ತರಕ್ಕೆ ಏರಿರುತ್ತದೆ. ಕರಾವಳಿಯ ಸೆಕೆ, ಒಣಕಲು ನೆಲ ಹಿಂದಕ್ಕೆ ಸರಿದು ತಂಗಾಳಿ, ಕೆಂಪು ಮಣ್ಣು, ಮೆಕ್ಕೆಜೋಳದ ಹೊಲಗಳು ಎದುರಾಗುತ್ತವೆ. ಈ ಎತ್ತರದಿಂದ ಹೊಳೆಗಳು ಇಳಿದು ಹೋಗುತ್ತವೆ. ಧಾನ್ಯವೂ ಇಳಿದು ಹೋಗಿದೆ, ದುಡಿಯುವ ಕೈಗಳೂ ಇಳಿದು ಹೋಗಿವೆ. ಹೀಗೆ ಹೋದದ್ದರಲ್ಲಿ ಮೇಲಿನವರ ಪಾಲಿಗೆ ಉಳಿದದ್ದೆಷ್ಟು ಎಂದು ನೋಡಿದರೆ ಈ ಪ್ರಾಂತ್ಯದ ಚರಿತ್ರೆ ಸುಲಭವಾಗಿ ಅರ್ಥವಾಗುತ್ತದೆ.

ನೆಲ, ಮಳೆ, ಹೊಳೆ

ಹುವಾಂಬೊ ಇರುವುದು ಅಂಗೋಲದ ಮಧ್ಯ ಪ್ರಸ್ಥಭೂಮಿಯಲ್ಲಿ. ದೇಶದ ಅತಿ ಎತ್ತರದ ಶಿಖರ ಮೊಕೊ (2,620 ಮೀ.) ಈ ಪ್ರಾಂತ್ಯದ್ದೇ. ಅದರ ಕಣಿವೆಗಳಲ್ಲಿ ಮಲೆಕಾಡಿನ ಚಿಕ್ಕ ಚಿಕ್ಕ ತುಣುಕುಗಳು ಉಳಿದಿವೆ. ಅಂಗೋಲ ಬಿಟ್ಟರೆ ಬೇರೆಲ್ಲೂ ಕಾಣದ ಒಂದು ಜಾತಿಯ ಕೌಜುಗಕ್ಕೆ ಅವು ಆಸರೆ.

ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಳೆ. ಉಳಿದ ತಿಂಗಳು ಒಣ ಚಳಿಗಾಲ; ಇದನ್ನು ಅಲ್ಲಿನವರು ಕಾಸಿಂಬೊ ಎನ್ನುತ್ತಾರೆ. ಜೂನ್, ಜುಲೈನ ರಾತ್ರಿಗಳಲ್ಲಿ ತಗ್ಗಿನ ಹೊಲಗಳ ಮೇಲೆ ಇಬ್ಬನಿ ಹೆಪ್ಪುಗಟ್ಟುವುದುಂಟು.

ಇಲ್ಲಿ ಬಿದ್ದ ಮಳೆ ಮೂರು ದಾರಿ ಹಿಡಿಯುತ್ತದೆ. ಕೆವೆ ನದಿ ಪಶ್ಚಿಮಕ್ಕೆ ತಿರುಗಿ ಅಟ್ಲಾಂಟಿಕ್ ಸೇರುತ್ತದೆ. ಕುನೆನೆ ದಕ್ಷಿಣಕ್ಕೆ ಹರಿದು, ನಮೀಬಿಯಾದ ಗಡಿಯಾಗಿ, ಮರುಭೂಮಿ ದಾಟಿ ಅದೇ ಸಾಗರಕ್ಕೆ ಬೀಳುತ್ತದೆ. ಕುಬಾಂಗೊ ಸಮುದ್ರವನ್ನೇ ಮುಟ್ಟುವುದಿಲ್ಲ. ಒಕವಾಂಗೊ ಎಂಬ ಹೆಸರಿನಲ್ಲಿ ಬೋಟ್ಸ್ವಾನದ ಮರಳುನಾಡಿಗೆ ಹೋಗಿ, ಕವಲೊಡೆದು, ಆನೆ, ನೀರಾನೆಗಳ ಜೌಗುನಾಡನ್ನು ತಣಿಸಿ ಅಲ್ಲೇ ಇಂಗಿಹೋಗುತ್ತದೆ.

ಕುನೆನೆಗೆ ಗೋವೆ ಎಂಬಲ್ಲಿ ಕಟ್ಟಿದ ಅಣೆಕಟ್ಟಿನ ಕಥೆ ಗಮನಿಸಬೇಕಾದದ್ದು. ಆಗ ಅಂಗೋಲವನ್ನು ಆಳುತ್ತಿದ್ದ ಪೋರ್ಚುಗಲ್ 1969ರಲ್ಲಿ ದಕ್ಷಿಣ ಆಫ್ರಿಕದೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಎದ್ದ ಈ ಕಟ್ಟೆಯ ಉದ್ದೇಶ ಕೆಳಗಿನ ವಿದ್ಯುದಾಗಾರಗಳಿಗೆ ವರ್ಷವಿಡೀ ಹದವಾಗಿ ನೀರು ಬಿಡುವುದು. ಕಟ್ಟೆಯಡಿಯ 60 ಮೆಗಾವಾಟ್‌ಗಳ ಘಟಕ ಶುರುವಾಗಿ ಹುವಾಂಬೊ ಪಟ್ಟಣದ ದೀಪಗಳಿಗೆ ಅಲ್ಲಿಂದ ಕರೆಂಟ್ ಬರಲು 2012 ಆಗಬೇಕಾಯಿತು.

ಓವಿಂಬುಂಡು ಜನ

2014ರ ಜನಗಣತಿಯಲ್ಲಿ ಪ್ರಾಂತ್ಯದ ಜನಸಂಖ್ಯೆ ಸುಮಾರು 20 ಲಕ್ಷ. ಹೆಚ್ಚಿನವರು ಓವಿಂಬುಂಡು ಸಮುದಾಯದವರು; ಮಾತು ಉಂಬುಂಡು. ಅಂಗೋಲದ ಜನಾಂಗಗಳಲ್ಲಿ ಇವರದೇ ದೊಡ್ಡ ಸಂಖ್ಯೆ. ಬೈಲುಂಡೊ, ಬಿಯೆ, ವಾಂಬು ಮೊದಲಾದ ಇವರ ಅರಸೊತ್ತಿಗೆಗಳು ಪ್ರಸ್ಥಭೂಮಿಯನ್ನು ಹಂಚಿಕೊಂಡು ಆಳಿದವು. ಬೈಲುಂಡೊದಲ್ಲಿ ಅರಸನ ಪಟ್ಟ ಇಂದಿಗೂ ಇದೆ.

19ನೇ ಶತಮಾನದಲ್ಲಿ ಇವರು ಹೆಸರಾಂತ ವರ್ತಕರು. ನೂರಾರು ಹೊರೆಯಾಳುಗಳ ತಂಡ ಕಟ್ಟಿಕೊಂಡು ಖಂಡದ ನಡುಭಾಗದ, ಈಗ ಕಾಂಗೋದಲ್ಲಿರುವ ಕಟಾಂಗದವರೆಗೆ ನಡೆದು ದಂತ, ಜೇನುಮೇಣ, ರಬ್ಬರ್ ತಂದು ಕರಾವಳಿಯಲ್ಲಿ ಮಾರುತ್ತಿದ್ದರು. ಗುಲಾಮರ ಮಾರಾಟವೂ ಈ ವ್ಯಾಪಾರದ ಭಾಗವಾಗಿತ್ತು. ಶತಮಾನದ ತಿರುವಿನಲ್ಲಿ ರಬ್ಬರಿನ ಬೆಲೆ ಕುಸಿಯಿತು. ಬಲವಂತದ ದುಡಿಮೆಗೆ ಜನರನ್ನು ಹಿಡಿದೊಯ್ಯುವುದು ಹೆಚ್ಚಿತು. 1902ರಲ್ಲಿ ಮುಟು ಯಾ ಕೆವೆಲನ ಮುಂದಾಳ್ತನದಲ್ಲಿ ಬೈಲುಂಡೊ ದಂಗೆಯೆದ್ದಿತು. ಅವನು ಅದೇ ವರ್ಷ ಮಡಿದ. 1904ರ ವೇಳೆಗೆ ಪೋರ್ಚುಗೀಸರು ದಂಗೆಯನ್ನು ಪೂರ್ತಿ ಹತ್ತಿಕ್ಕಿದರು.

ರೈಲು ಬಂದ ಮೇಲೆ

ಕಟಾಂಗದ ತಾಮ್ರವನ್ನು ಕಡಲಿಗೆ ಸಾಗಿಸಲು ಬೆಂಗೇಲ ರೈಲುಮಾರ್ಗದ ಪರವಾನಗಿಯನ್ನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಮ್ಸ್ 1902ರಲ್ಲಿ ಪಡೆದ. ಕರಾವಳಿಯ ಕಡಿದಾದ ಭಾಗದಲ್ಲಿ ಹಳಿ ಹಾಸಲು ದಕ್ಷಿಣ ಆಫ್ರಿಕದ ನಟಾಲ್‌ನಿಂದ ಭಾರತೀಯ ಕೂಲಿಗಳನ್ನೂ ಕರೆತಂದರು. ಅಂಗೋಲದ ಒಳಗೇ 1,344 ಕಿ.ಮೀ. ಉದ್ದದ ಈ ಮಾರ್ಗ ಕಾಂಗೋ ಗಡಿ ಮುಟ್ಟಿದ್ದು 1920ರ ದಶಕದ ಕೊನೆಗೆ. ಹಳಿಯ ಬದಿಯಲ್ಲಿ 1912ರಲ್ಲಿ ಗವರ್ನರ್ ಜನರಲ್ ನಾರ್ಟನ್ ಡಿ ಮಾಟೊಸ್ ಹುವಾಂಬೊ ಪಟ್ಟಣಕ್ಕೆ ಅಡಿಪಾಯ ಹಾಕಿದ. ರೈಲ್ವೆಯ ದೊಡ್ಡ ಕಾರ್ಯಾಗಾರ ಇಲ್ಲೇ ಬಂತು. 1928ರಿಂದ ಪಟ್ಟಣದ ಹೆಸರು ನೋವಾ ಲಿಸ್ಬೋವ, ಅಂದರೆ ಹೊಸ ಲಿಸ್ಬನ್. 1975ರಲ್ಲಿ ಹಳೆಯ ಹೆಸರು ಮರಳಿತು.

ಉಗಿಬಂಡಿಗಳಿಗೆ ಸೌದೆ ಬೇಕಲ್ಲ! ಅದಕ್ಕಾಗಿ ಹಳಿಯುದ್ದಕ್ಕೂ ನೀಲಗಿರಿ ತೋಪುಗಳು ಎದ್ದವು. ವರ್ತಕರಾಗಿದ್ದ ಓವಿಂಬುಂಡುಗಳು ರೈತರಾಗಿ, ಮೆಕ್ಕೆಜೋಳ ಬೆಳೆದು ವ್ಯಾಗನ್ನುಗಳಿಗೆ ತುಂಬಿದರು. ಆದರೆ ತೆರಿಗೆ ಕಟ್ಟಲು ಅದು ಸಾಲದು. ಗಂಡಸರು ಗುತ್ತಿಗೆ ಕೂಲಿಗಳಾಗಿ ಉತ್ತರದ ಕಾಫಿ ತೋಟಗಳಿಗೆ ಹೋಗಬೇಕಾಯಿತು. 1961ರಲ್ಲಿ ಅಲ್ಲಿ ವಸಾಹತು ಆಡಳಿತದ ವಿರುದ್ಧ ದಂಗೆಯೆದ್ದಾಗ ತೋಟದ ಯಜಮಾನರೊಂದಿಗೆ ಈ ಕೂಲಿಗಳೂ ಕೊಲೆಯಾದರು.

ಯುದ್ಧದ ವರ್ಷಗಳು

1975ರಲ್ಲಿ ಸ್ವಾತಂತ್ರ್ಯದ ಬೆನ್ನಿಗೇ ಅಂತರ್ಯುದ್ಧ ಬಂತು. ಎಂಪಿಎಲ್‌ಎ ಸರ್ಕಾರದ ವಿರುದ್ಧ ನಿಂತ ಯುನಿಟಾ ಪಕ್ಷದ ಜೊನಾಸ್ ಸವಿಂಬಿಗೆ ಓವಿಂಬುಂಡು ನಾಡೇ ಬೆಂಬಲದ ನೆಲೆ. ತಾಮ್ರದ ರೈಲು ನಿಂತುಹೋಯಿತು. 1993ರಲ್ಲಿ 55 ದಿನ ಬೀದಿಬೀದಿಗಳಲ್ಲಿ ನಡೆದ ಕಾಳಗದ ಬಳಿಕ ಹುವಾಂಬೊ ಯುನಿಟಾದ ಕೈಸೇರಿತು. 1994ರ ನವೆಂಬರಿನಲ್ಲಿ ಸರ್ಕಾರಿ ಸೇನೆ ಮತ್ತೆ ವಶಪಡಿಸಿಕೊಂಡಿತು. ಹಳ್ಳಿಗರು ಲುವಾಂಡ, ಬೆಂಗೇಲ, ಲೊಬಿಟೊಗಳಿಗೆ ಗುಳೆ ಹೋದರು.

ಹೊಲಗಳಲ್ಲಿ ಹೂತಿಟ್ಟ ನೆಲಬಾಂಬುಗಳು ಉತ್ತವರ ಕಾಲನ್ನೇ ಕಿತ್ತುಕೊಳ್ಳುತ್ತಿದ್ದವು. 1997ರ ಜನವರಿಯಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ರಕ್ಷಾಕವಚ ತೊಟ್ಟು ನಡೆದದ್ದು ಇಲ್ಲಿನ ಬಾಂಬುಹೊಲದಲ್ಲೇ. ಅದೇ ವರ್ಷದ ಡಿಸೆಂಬರಿನಲ್ಲಿ ಇಂಥ ಬಾಂಬುಗಳನ್ನು ನಿಷೇಧಿಸುವ ಒಟ್ಟಾವಾ ಒಪ್ಪಂದಕ್ಕೆ ಸಹಿ ಬಿತ್ತು. 2002ರ ಫೆಬ್ರವರಿಯಲ್ಲಿ ಸವಿಂಬಿ ಹತನಾದ. ಏಪ್ರಿಲ್‌ನಲ್ಲಿ ಶಾಂತಿ ಒಪ್ಪಂದವಾಯಿತು. ಡಯಾನಾ ನಡೆದಿದ್ದ ಜಾಗದಲ್ಲಿ ಈಗ ಮನೆ, ಅಂಗಡಿಗಳ ಬೀದಿಯಿದೆ.

ಇಂದಿನ ದುಡಿಮೆ

ಬದುಕಿನ ಆಧಾರ ಇಂದಿಗೂ ಸಣ್ಣ ಬೇಸಾಯ. ಒಂದೇ ಕುಟುಂಬ ನಾಲ್ಕು ಬಗೆಯ ನೆಲ ನೆಚ್ಚಿರುತ್ತದೆ: ಮನೆಯ ಹಿತ್ತಿಲು, ದಿಬ್ಬದ ಹೊಲ, ಇಳಿಜಾರು, ಮತ್ತು ಹಳ್ಳದ ಪಕ್ಕದ ತೇವದ ತಗ್ಗು. ದಿಬ್ಬದಲ್ಲಿ ಮೊದಲ ಮಳೆಗೆ ಮೆಕ್ಕೆಜೋಳ, ಅದರ ನಡುವೆ ಬೀನ್ಸ್. ನಾಕ ಎಂದು ಕರೆಯುವ ತಗ್ಗಿನಲ್ಲಿ ಮಳೆಯಿಲ್ಲದ ತಿಂಗಳುಗಳಲ್ಲೂ ಆಲೂಗಡ್ಡೆ, ಕೋಸು, ಈರುಳ್ಳಿ ಬರುತ್ತವೆ. ಹಸಿದ ತಿಂಗಳುಗಳನ್ನು ದಾಟಿಸುವುದು ಈ ತಗ್ಗೇ. ಊಟಕ್ಕೆ ಮೆಕ್ಕೆಜೋಳದ ಮುದ್ದೆ, ಸೊಪ್ಪು, ಒಣಮೀನು. ಕುಡಿಯಲು ಅದೇ ಜೋಳದ ಹಿಟ್ಟನ್ನು ತುಸು ಹುಳಿಬರಿಸಿದ ಕಿಸಾಂಗುವ.

ಮಣ್ಣು ಕೆಂಪಗಿದ್ದರೂ ಸಾರ ಕಡಿಮೆ. ಮಳೆ ಪೋಷಕಾಂಶಗಳನ್ನು ತೊಳೆದೊಯ್ದು ಹುಳಿಯಂಶ ಹೆಚ್ಚಿಸಿದೆ. ಸುಣ್ಣ, ಗೊಬ್ಬರ ಕೊಡದೆ ಇಳುವರಿ ಏರದು. ಗೊಬ್ಬರವೋ ಹೊರದೇಶದಿಂದ ಬರಬೇಕು. ಬೆಲೆ ಸಣ್ಣ ರೈತನಿಗೆ ಎಟುಕುವುದು ಕಷ್ಟ.

ಚೀನಾದ ಕಂಪನಿ ಪುನರ್ನಿರ್ಮಿಸಿದ ರೈಲು 2011ರಲ್ಲಿ ಹುವಾಂಬೊವನ್ನೂ ಆಮೇಲೆ ಗಡಿಯನ್ನೂ ತಲುಪಿತು. 2023ರಲ್ಲಿ ಅದರ ಸರಕು ಸಾಗಣೆ 30 ವರ್ಷಗಳ ಗುತ್ತಿಗೆಗೆ ಯುರೋಪಿನ ಕಂಪನಿಗಳ ಕೂಟಕ್ಕೆ ಹೋಯಿತು. ಬ್ಯಾಟರಿಗಳ ಈ ಕಾಲದಲ್ಲಿ ಕಾಂಗೋದ ತಾಮ್ರ, ಕೋಬಾಲ್ಟ್‌ಗೆ ಅಮೆರಿಕ, ಯುರೋಪ್, ಚೀನಾ ಪೈಪೋಟಿಗೆ ಇಳಿದಿರುವುದರಿಂದ ಲೊಬಿಟೊ ಮಾರ್ಗಕ್ಕೆ ಮತ್ತೆ ಬೆಲೆ ಬಂದಿದೆ. ಪ್ರಾಂತ್ಯದೊಳಗಿನ ಲೊಂಗೊಂಜೊದಲ್ಲಿ ವಿದ್ಯುತ್ ವಾಹನಗಳ ಅಯಸ್ಕಾಂತಕ್ಕೆ ಬೇಕಾದ ವಿರಳ ಖನಿಜಗಳ ಗಣಿಯೂ ರೂಪುಗೊಳ್ಳುತ್ತಿದೆ.

ನೂರು ವರ್ಷ ಹಿಂದೆ ಈ ಹಳಿ ಹಾಸಿದ್ದು ಬೇರೆಯವರ ತಾಮ್ರಕ್ಕಾಗಿ. ಇಂದು ಅದು ಸುದ್ದಿಯಾಗುತ್ತಿರುವುದೂ ತಾಮ್ರದಿಂದಲೇ. ಆದರೆ ಹಿಂದೆ ಹುವಾಂಬೊವನ್ನು ಅಂಗೋಲದ ಕಣಜ ಮಾಡಿದ್ದು ನಡುದಾರಿಯ ನಿಲ್ದಾಣಗಳಲ್ಲಿ ತುಂಬಿದ ಜೋಳದ ಮೂಟೆಗಳು. ಬಂದರಿನಿಂದ ಹತ್ತುವ ರೈಲು ಬಿತ್ತನೆಗೆ ಮೊದಲೇ ಗೊಬ್ಬರ ತರಬೇಕು; ಕಾಲಾ, ಲೊಂಗೊಂಜೊದಂಥ ನಿಲ್ದಾಣಗಳ ಬಳಿ ಗೋದಾಮು, ಹಿಟ್ಟಿನ ಗಿರಣಿ ಏಳಬೇಕು; ಇಳಿಯುವ ರೈಲಿನಲ್ಲಿ ರೈತರ ಮೂಟೆಗೂ ಜಾಗ ಸಿಗಬೇಕು. ಅಷ್ಟಾದರೆ ಈ ಮಾರ್ಗ ಹುವಾಂಬೊದ್ದೂ ಆದೀತು.