ಮನಸ್ಸು ಹೇಳಿದ್ದಕ್ಕೆ ಸಾಕ್ಷಿ ಏನು?

ಪ್ರಶ್ನೆ: ಆಪ್ತಸಮಾಲೋಚಕರು ಯೋಚನೆ ಬದಲಿಸಲು ನೆರವಾಗುತ್ತಾರಂತೆ. 'ಎಲ್ಲಾ ಒಳ್ಳೇದಾಗುತ್ತೆ ಬಿಡಿ' ಅನ್ನೋದಕ್ಕಿಂತ ಅದು ಹೇಗೆ ಬೇರೆ?

ಉತ್ತರ: ಆ ಮಾತು ಸಮಾಧಾನ, ಸಮಾಲೋಚಕರದ್ದು ವಿಚಾರಣೆ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮನೋವೈದ್ಯ ಆರನ್ ಬೆಕ್ ಒಂದು ಸಂಗತಿ ಗಮನಿಸಿದರು: ಖಿನ್ನತೆಯಿದ್ದವರ ತಲೆಯಲ್ಲಿ 'ನಾನು ಕೈಲಾಗದವ' ಎಂಬಂಥ ಮಾತುಗಳು ತಾವಾಗಿಯೇ ಮಿಂಚಿಹೋಗುತ್ತವೆ, ಅವರು ಅವನ್ನು ನಿಜವೆಂದೇ ನಂಬುತ್ತಾರೆ. ಬೆಕ್ ಅವರ ಕಾಗ್ನಿಟಿವ್ ಥೆರಪಿ, ಅಂದರೆ ಯೋಚನೆಗಳನ್ನು ಪರಿಶೀಲಿಸುವ ಚಿಕಿತ್ಸೆ, ಬೆಳೆದದ್ದು ಇಲ್ಲಿಂದ.

ಗೆಳತಿ ಫೋನ್ ಎತ್ತಲಿಲ್ಲ ಅನ್ನಿ. 'ಅವಳಿಗೆ ನಾನು ಬೇಡವಾದೆ' ಎನ್ನುತ್ತದೆ ಮನಸ್ಸು. ಸಮಾಲೋಚಕರು ಅದನ್ನು ತಪ್ಪೆನ್ನುವುದಿಲ್ಲ, ಕೇಳುತ್ತಾರೆ: ಇದಕ್ಕೆ ಸಾಕ್ಷಿಯೇನು? ಬೇರೆ ಕಾರಣವಿರಬಹುದೇ? ನಿಮ್ಮ ತಂಗಿಯೇ ಹೀಗೆ ಅಂದುಕೊಂಡಿದ್ದರೆ ಏನು ಹೇಳುತ್ತಿದ್ದಿರಿ? ಸಂದರ್ಭ, ಯೋಚನೆ, ಭಾವನೆ, ಸಾಕ್ಷಿ, ಕೊನೆಗೆ ಹೆಚ್ಚು ಸಮತೂಕದ ಯೋಚನೆ ಎಂದು ನೋಟ್‌ಬುಕ್ಕಿನಲ್ಲಿ ಕಾಲಮ್ಮು ಹಾಕಿ ಬರೆಸುವುದೂ ಉಂಟು. ಉತ್ತರ ಹುಡುಕಬೇಕಾದವರು ನೀವೇ. ಹೊರಗಿನವರು ಹೇರಿದ್ದು ಮನಸ್ಸಿಗೆ ಅಂಟುವುದಿಲ್ಲ.

ಬಾಲ್ಯದಿಂದ ಬೇರೂರಿದ ನಂಬಿಕೆ ಮಾತಿಗಷ್ಟೇ ಸಡಿಲವಾಗದು. ಆಗ ಪರೀಕ್ಷೆ ಬೇಕು: ನಾಳೆ ಮತ್ತೆ ಫೋನ್ ಮಾಡಿ ನೋಡುವುದು. ಅನುಮಾನ ನಿಜವೇ ಆಗಿದ್ದರೆ? ಆಗ ತಿದ್ದಬೇಕಾದದ್ದು ಯೋಚನೆಯನ್ನಲ್ಲ, ಮಾತು ಆ ಸಮಸ್ಯೆಯ ಕಡೆಗೇ ತಿರುಗುತ್ತದೆ.