ಆಟಿಕೆ ಬಂದೂಕಿನೊಳಗಿನ ಗಾಳಿ

ಹಬ್ಬದ ದಿನ ಹಿರಿಯರು ಕೊಟ್ಟ ಹಣ ಕೈಗೆ ಬಂದೊಡನೆ ಮಕ್ಕಳು ಓಡುವುದು ಆಟಿಕೆಯ ಅಂಗಡಿಗೆ. ಅನೇಕ ಹುಡುಗರು ಹಿಡಿದು ತರುವುದು ಸಣ್ಣ ಪ್ಲಾಸ್ಟಿಕ್ ಗುಂಡು ಹಾರಿಸುವ ಬಂದೂಕನ್ನು. "ಇದರಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ, ಬರೀ ಗಾಳಿ" ಎಂದು ಅಂಗಡಿಯವನು ಹೇಳುತ್ತಾನೆ. ನೀವೂ ಸಮಾಧಾನಗೊಳ್ಳುತ್ತೀರಿ. ಅವನ ಮಾತು ಸುಳ್ಳಲ್ಲ. ಆದರೆ ಗಾಳಿಯಿಂದ ಏನಾಗುತ್ತದೆ ಎಂದು ಸುಮ್ಮನಿರುವಂತಿಲ್ಲ.

2015ರ ಜುಲೈಯಲ್ಲಿ ಅಫ್ಘಾನಿಸ್ತಾನದಲ್ಲಿ ಈದುಲ್ ಫಿತ್ರ್ ಹಬ್ಬದ ದಿನಗಳಲ್ಲಿ ಇಂತಹ ಆಟಿಕೆಗಳ ಗುಂಡು ತಗಲಿ ನೂರಕ್ಕೂ ಹೆಚ್ಚು ಮಂದಿಯ ಕಣ್ಣಿಗೆ ಗಾಯವಾಯಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅಲ್ಲಿನ ಸರಕಾರ ಆಟಿಕೆ ಬಂದೂಕುಗಳನ್ನೇ ನಿಷೇಧಿಸಿ, ಅವುಗಳನ್ನು ವಶಪಡಿಸಿಕೊಳ್ಳಲು ಪೊಲೀಸರಿಗೆ ಆದೇಶಿಸಿತು. ಮದ್ದೇ ಇಲ್ಲದ ಆಟಿಕೆಗೆ ಈ ಬಲ ಎಲ್ಲಿಂದ ಬರುತ್ತದೆ?

ಪೆಟ್ಲು ಕಲಿಸುವ ಪಾಠ

ಮಲೆನಾಡು, ಕರಾವಳಿಯ ಹಳ್ಳಿಗಳಲ್ಲಿ ಬೆಳೆದ ನಿಮ್ಮಲ್ಲಿ ಹಲವರಿಗೆ ಪೆಟ್ಲು ಗೊತ್ತಿರಬಹುದು. ಬಿದಿರಿನ ಸಣ್ಣ ಕೊಳವೆಯ ತುದಿಗೆ ಕಾಯಿಯೊಂದನ್ನು ಬಿಗಿಯಾಗಿ ಸಿಕ್ಕಿಸಿ, ಹಿಂದಿನಿಂದ ಇನ್ನೊಂದು ಕಾಯಿಯನ್ನು ಕೋಲಿನಿಂದ ದೂಡಿದರೆ ಮುಂದಿನ ಕಾಯಿ 'ಟಪ್' ಎಂದು ಹಾರುತ್ತದೆ. ಕೋಲು ಆ ಕಾಯಿಯನ್ನು ಮುಟ್ಟಿರುವುದೇ ಇಲ್ಲ. ಎರಡು ಕಾಯಿಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಅದನ್ನು ದೂಡಿದ್ದು.

ಗಾಳಿಯನ್ನು ಅರ್ಧ ಜಾಗಕ್ಕೆ ಅದುಮಿದರೆ ಅದರ ಒತ್ತಡ ಎರಡು ಪಟ್ಟಾಗುತ್ತದೆ. ಕಾಲು ಭಾಗಕ್ಕೆ ಅದುಮಿದರೆ ನಾಲ್ಕು ಪಟ್ಟು. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವಿದು. ಇದು ಉಷ್ಣತೆ ಬದಲಾಗದಿದ್ದಾಗಿನ ಲೆಕ್ಕ. ಥಟ್ಟನೆ ಅದುಮಿದಾಗ ಗಾಳಿ ಬಿಸಿಯಾಗುವುದರಿಂದ ಒತ್ತಡ ಇನ್ನೂ ಏರುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ನೀವು ಗಮನಿಸಿರಬಹುದು.

ಆಟಿಕೆ ಬಂದೂಕಿನೊಳಗೂ ಇರುವುದು ಒಂದು ಪುಟ್ಟ ಪಂಪ್. ಮಗು ಬಂದೂಕಿನ ಹಿಡಿಯನ್ನು ಹಿಂದಕ್ಕೆ ಎಳೆದಾಗ ಸ್ಪ್ರಿಂಗ್ ಕುಗ್ಗಿ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕುದುರೆ ಒತ್ತಿದೊಡನೆ ಕೊಕ್ಕೆ ಬಿಡುತ್ತದೆ. ಸ್ಪ್ರಿಂಗ್ ಪಿಸ್ಟನನ್ನು ಮುಂದಕ್ಕೆ ನೂಕುತ್ತದೆ, ಪಿಸ್ಟನ್ ಗಾಳಿಯನ್ನು ಅದುಮುತ್ತದೆ, ಗಾಳಿ ಗುಂಡನ್ನು ನಳಿಗೆಯಿಂದ ಹೊರದೂಡುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುತ್ತದೆ.

ಬಂದೂಕಿನೊಳಗೆ ಗಾಳಿ ಮೊದಲೇ ತುಂಬಿರುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕುದುರೆ ಒತ್ತುವ ತನಕ ಗಾಳಿ ನಮ್ಮ ಸುತ್ತಲಿನ ಗಾಳಿಯಂತೆಯೇ ಇರುತ್ತದೆ. ಬಲ ಅಡಗಿರುವುದು ಸ್ಪ್ರಿಂಗಿನಲ್ಲಿ. ಆ ಬಲವನ್ನು ಅಲ್ಲಿ ಇಟ್ಟದ್ದು ಮಗುವಿನ ಕೈ. ಆದ್ದರಿಂದ ಎಳೆದು ಸಿದ್ಧಗೊಳಿಸಿದ ಬಂದೂಕನ್ನು ಮಂಚದ ಮೇಲೆ ಎಸೆದು ಮಗು ಊಟಕ್ಕೆ ಬಂದರೂ ಅದು ಸಿದ್ಧವಾಗಿಯೇ ಇರುತ್ತದೆ. ಗುಂಡುಗಳ ಪೆಟ್ಟಿಗೆಯನ್ನು ಹೊರತೆಗೆದರೂ ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು. ಆಮೇಲೆ ಅದನ್ನು ಎತ್ತಿಕೊಳ್ಳುವುದು ಮೂರು ವರ್ಷದ ತಂಗಿಯಾಗಿರಬಹುದು.

ಕಣ್ಣಿಗೇ ಏಕೆ ಅಪಾಯ?

ಒಂದು ಸಣ್ಣ ಲೆಕ್ಕ ನೋಡೋಣ. ಎರಡು ಕಿಲೋ ತೂಕ ಎತ್ತುವಷ್ಟು ಬಲದಿಂದ ಹಿಡಿಯನ್ನು 5 ಸೆಂಟಿಮೀಟರ್ ಎಳೆದರೆ ಸುಮಾರು ಒಂದು ಜೌಲ್ ಶಕ್ತಿ ಸ್ಪ್ರಿಂಗಿಗೆ ಸೇರುತ್ತದೆ. ತಿಕ್ಕಾಟ, ಸೋರುವ ಗಾಳಿ, ಪಿಸ್ಟನಿನ ಬಡಿತ ಇವುಗಳಲ್ಲಿ ಬಹಳಷ್ಟು ಹೋಗಿ, ಗುಂಡಿಗೆ ಸಿಗುವುದು 0.15 ಜೌಲ್ ಮಾತ್ರ ಎಂದಿಟ್ಟುಕೊಳ್ಳಿ. 0.12 ಗ್ರಾಂ ತೂಕದ ಗುಂಡು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹಾರಲು ಅಷ್ಟೇ ಸಾಕು. ಅಂದರೆ ಗಂಟೆಗೆ 180 ಕಿಲೋಮೀಟರ್! ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದೂ ನೆನಪಿರಲಿ.

ಇದೇ ಗುಂಡು ಅಂಗಿಯ ಮೇಲೆ ಬಿದ್ದರೆ ಚುರುಕ್ ಎನ್ನಬಹುದು, ಅಷ್ಟೆ. ಆದರೆ ಗುಂಡಿನ ಅಗಲ ಕೇವಲ 6 ಮಿಲಿಮೀಟರ್. ಹೊಡೆತವೆಲ್ಲ ಆ ಒಂದು ಚುಕ್ಕೆಯ ಮೇಲೆ ಬೀಳುತ್ತದೆ. ದೊಡ್ಡ ಚೆಂಡು ಮುಖಕ್ಕೆ ಬಡಿದರೆ ಹುಬ್ಬಿನ ಮತ್ತು ಕೆನ್ನೆಯ ಮೂಳೆಗಳು ಪೆಟ್ಟಿನ ಬಹುಭಾಗವನ್ನು ತಡೆಯುತ್ತವೆ. ಈ ಗುಂಡು ಆ ಮೂಳೆಗಳ ನಡುವೆ ನುಸುಳಿ ನೇರವಾಗಿ ಕಣ್ಣುಗುಡ್ಡೆಗೆ ತಗಲುತ್ತದೆ. ಕಣ್ಣಿನೊಳಗೆ ರಕ್ತಸ್ರಾವವಾಗಬಹುದು, ಮಸೂರ ಮಬ್ಬಾಗಿ ಪೊರೆ ಬರಬಹುದು, ಅಕ್ಷಿಪಟಲ ಹರಿಯಬಹುದು.

ನೀವು ಮಾಡಬಹುದಾದದ್ದು

ಕೊಳ್ಳುವಾಗ ಐಎಸ್‌ಐ ಗುರುತು ಹುಡುಕಿ. 14 ವರ್ಷದೊಳಗಿನ ಮಕ್ಕಳಿಗಾಗಿ ಕಾರ್ಖಾನೆಗಳಲ್ಲಿ ತಯಾರಾಗುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಭಾರತದಲ್ಲಿ ಇದು ಕಡ್ಡಾಯವಾಗಿದೆ. ಪೆಟ್ಟಿಗೆಯ ಮೇಲೆ ದೊಡ್ಡವರ ವಯಸ್ಸು ಬರೆದಿದ್ದರೆ ಅದನ್ನು ಚಿಕ್ಕವರಿಗೆ ಕೊಡಿಸಬೇಡಿ. ಗಟ್ಟಿ ಗುಂಡಿನ ಬದಲು ಮೆತ್ತನೆಯ ಸ್ಪಂಜಿನ ಬಾಣ ಹಾರಿಸುವಂಥವು ವಾಸಿ. ಆದರೆ ಅವನ್ನೂ ಮುಖಕ್ಕೆ ಗುರಿಯಿಡಬಾರದು.

ಮನೆಯಲ್ಲಿ ಈಗಾಗಲೇ ಗುಂಡಿನ ಬಂದೂಕು ಇದ್ದರೆ ಆಟ ಗೋಡೆಗೆ ಒರಗಿಸಿದ ರಟ್ಟಿನ ಪೆಟ್ಟಿಗೆಯೊಂದಿಗೆ ಮಾತ್ರ ಇರಲಿ. ಕಣ್ಣು ಪೂರ್ತಿ ಮುಚ್ಚುವ ಗಟ್ಟಿ ರಕ್ಷಣಾ ಕನ್ನಡಕವನ್ನು ಆಡುವವರೂ ನೋಡುವವರೂ ಧರಿಸಲಿ. ಗುಂಡಿನ ಬದಲು ಕಲ್ಲು, ಕಾಳು ತುಂಬಲು ಬಿಡಬೇಡಿ. ಬಿಗಿಯಾದ ಸ್ಪ್ರಿಂಗ್ ಹಾಕಿಸಲೂ ಬೇಡಿ. ಆಟ ಮುಗಿದ ಮೇಲೆ ನಳಿಗೆ ಖಾಲಿಯಾಗಿದೆಯೇ, ಸ್ಪ್ರಿಂಗ್ ಸಡಿಲವಾಗಿದೆಯೇ ಎಂದು ದೊಡ್ಡವರೇ ನೋಡಿ ಎತ್ತಿಡಬೇಕು.

ಬರೀ "ಬೇಡ" ಎಂದರೆ ಮಕ್ಕಳು ಕೇಳುವುದಿಲ್ಲ. ಸೂಜಿಯಿಲ್ಲದ ಹೊಸ ಸಿರಿಂಜೊಂದನ್ನು ಕೊಟ್ಟು, ಬಾಯಿಯನ್ನು ಬೆರಳಿನಿಂದ ಮುಚ್ಚಿ ದೂಡಲು ಹೇಳಿ. ಬರೀ ಗಾಳಿ ಎಷ್ಟು ಬಲವಾಗಿ ಹಿಂದಕ್ಕೆ ತಳ್ಳುತ್ತದೆ ಎಂದು ಅವರ ಬೆರಳಿಗೇ ಗೊತ್ತಾಗುತ್ತದೆ.

ಒಂದು ವೇಳೆ ಕಣ್ಣಿಗೆ ಪೆಟ್ಟು ಬಿದ್ದರೆ ಉಜ್ಜಬೇಡಿ, ಒತ್ತಬೇಡಿ. ಎದೆಹಾಲು, ಎಣ್ಣೆ, ಮನೆಯಲ್ಲಿ ಉಳಿದ ಹಳೆಯ ಹನಿಗಳು ಯಾವುದನ್ನೂ ಹಾಕಬೇಡಿ. ಕಣ್ಣಿಗೆ ತಾಗದಂತೆ ಕಾಗದದ ಲೋಟವೊಂದನ್ನು ಮೇಲೆ ಹಿಡಿದು, ಮಗುವಿನ ತಲೆ ಎತ್ತರದಲ್ಲಿರುವಂತೆ ಕೂರಿಸಿ, ನೇರವಾಗಿ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. "ಈಗ ಸರಿಯಾಗಿ ಕಾಣುತ್ತದೆ" ಎಂದು ಮಗು ಹೇಳಿದರೂ ಹೋಗಿ. ಒಳಗಿನ ಗಾಯ ಹೊರಗೆ ಕಾಣಬೇಕೆಂದಿಲ್ಲ. ಬೆಳಿಗ್ಗೆ ನೋಡೋಣ ಎಂದು ಒಂದು ರಾತ್ರಿಯನ್ನೂ ಕಳೆಯಬೇಡಿ.